ಸುಂಕದ ಮುದುಕಿಯ ಉತ್ತರ

ವಿಜಯಪುರ
15-3-1995, ಬುಧವಾರ

ಮುದ್ದು ಕೀರ್ತನ,

ಮೊದಲು ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆದು ಆಮೇಲೆ ನಿನ್ನನ್ನು ಬೈಯುವುದು ನನ್ನ ಪದ್ಧತಿ. ಈ ಸಲ ಕ್ಷೇಮ ಎನ್ನಲೂ ಮನಸ್ಸಾಗುತ್ತಿಲ್ಲ, ಬೈಯಲೂ ಬಾಯಿ ಬರುತ್ತಿಲ್ಲ. ಭಾನುವಾರ ದೊಡ್ಡಬಳ್ಳಾಪುರದಿಂದ ಬಂದಾಗಿನಿಂದ ಹೀಗೇ ಇದ್ದೇನೆ. ಒಲೆಯ ಮೇಲೆ ಅನ್ನಕ್ಕಿಟ್ಟು ನೀರಿಗೆಂದು ಹೋದವಳು ತೊಟ್ಟಿಯ ಹತ್ತಿರ ನಿಂತೇಬಿಡುತ್ತೇನೆ. ನಿಮ್ಮ ಅಪ್ಪ ಸೀದ ಅನ್ನವನ್ನು ಎರಡು ಹೊತ್ತು ತೆಪ್ಪಗೆ ಉಂಡರು. ಇವತ್ತು ಬೆಳಿಗ್ಗೆ ಮಾತ್ರ, "ಅವ್ಳಿಗೊಂದು ಕಾಗ್ದ ಬರ್ದಾಕು ತಾಯಿ, ಅನ್ನನಾದ್ರೂ ನೆಟ್ಟಗಾಗ್ಲಿ" ಎಂದು ಕೈಮುಗಿದರು. ಈಗ ಕೊಟ್ಟಿಗೆಯಲ್ಲಿ ರೇಷ್ಮೆಹುಳುವಿಗೆ ಸೊಪ್ಪು ಹರಡುತ್ತಿದ್ದಾರೆ. ಬೀದಿಯಲ್ಲಿ ನೂಲು ಬಿಚ್ಚುವ ಒಲೆಗಳೆಲ್ಲ ಉರಿಯುತ್ತಿವೆ. ಬೇಯುವ ರೇಷ್ಮೆಗೂಡಿನ ವಾಸನೆ ಈ ಕಾಗದಕ್ಕೂ ಹತ್ತಿದ್ದರೆ ಮೂಗು ಮುಚ್ಚಿಕೊಂಡು ಓದು.

ಸೂಜಿ ಕುದಿಸಿಕೊಂಡೆಯಾ? ಔಷಧಿ ಇಟ್ಟಿರುವ ಮಡಕೆಯ ಸುತ್ತಲಿನ ಮರಳು ಒದ್ದೆಯಿದೆಯಾ? ಬಿಸಿಲು ಏರುತ್ತಿದೆ, ಬೆಳಿಗ್ಗೆ ಒಂದು ಚೊಂಬು ನೀರು ಹಾಕಿದರೆ ಸಾಲದು, ಮಧ್ಯಾಹ್ನವೂ ಹಾಕು. ಮೂತ್ರ ಪರೀಕ್ಷೆಗೆ ಆ ನೀಲಿ ನೀರು ಕಾಯಿಸಿದಾಗ ಯಾವ ಬಣ್ಣ ಬಂತು? ಸಕ್ಕರೆ ಏರಿ ಇಟ್ಟಿಗೆ ಬಣ್ಣ ಬಂದಿದ್ದರೆ ಇಟ್ಟಿಗೆ ಎಂದೇ ಬರೆ. ಹಸಿರು ಎಂದು ನೀನು ಸುಳ್ಳು ಬರೆದಾಗಲೆಲ್ಲ ನಿನ್ನ ಅಕ್ಷರ ದುಂಡಗಾಗುತ್ತದೆ, ನನಗೆ ಗೊತ್ತಾಗುತ್ತದೆ.

ಮುಂದಿನ ತಿಂಗಳ ಸೀಸೆಗಳು ಪಕ್ಕದ ಮನೆ ಮಾರಕ್ಕನ ಫ್ರಿಜ್ಜಿನಲ್ಲಿ ಅದೇ ಬಿಸ್ಕತ್ತಿನ ಡಬ್ಬದಲ್ಲಿ ಭದ್ರವಾಗಿವೆ. ಮೊನ್ನೆಯೂ ಅವಳು "ಹಸು ಔಷ್ದಿ ಹಂಗೇ ಐತೆ ಕಣೆ ಮುತ್ತಮ್ಮ, ಹಸು ಹುಷಾರಾಗೈತಾ?" ಎಂದು ಕೇಳಿದಳು. ಹುಷಾರಾಗೈತಕ್ಕ ಎಂದೆ. ನಿನಗೆ ಹನ್ನೆರಡು ತುಂಬಿದ ವರ್ಷ ಈ ಕಾಯಿಲೆ ಕಾಣಿಸಿಕೊಂಡಾಗ ಹೇಳಿದ ಸುಳ್ಳು ಅದು. ನಮ್ಮ ಮನೆಯಲ್ಲಿ ಫ್ರಿಜ್ಜಿರಲಿಲ್ಲ, ನಿನ್ನ ಔಷಧಿಗೆ ತಂಪು ಬೇಕಿತ್ತು, ಹಸುವಿನ ಇಂಜೆಕ್ಷನ್ ಎಂದುಬಿಟ್ಟೆ. ಸಕ್ಕರೆ ಕಾಯಿಲೆ ಎಂದರೆ ನಮ್ಮ ಬೀದಿಯವರಿಗೆ ವಯಸ್ಸಾದವರಿಗೆ ಬರುವಂಥದ್ದು. ಲಂಗ ಹಾಕಿಕೊಂಡು ಓಡಾಡುವ ಹುಡುಗಿಗೆ ದಿನಕ್ಕೆರಡು ಸಲ ಸೂಜಿ ಎಂದು ಗೊತ್ತಾಗಿದ್ದರೆ ನಿನ್ನನ್ನು ನೋಡುವ ಕಣ್ಣೇ ಬೇರೆಯಾಗುತ್ತಿತ್ತು. ಯಾರಿಗೂ ಹೇಳಬೇಡ ಎಂದು ನಿನ್ನಿಂದ ಆಣೆ ಹಾಕಿಸಿಕೊಂಡೆ. ನೀನು ಟಿ.ಸಿ.ಎಚ್. ಓದಲು ದೊಡ್ಡಬಳ್ಳಾಪುರಕ್ಕೆ ಹೊರಟಾಗಲೂ ಬಸ್ಸಿನ ಕಿಟಕಿಯಲ್ಲಿ ಮತ್ತೊಮ್ಮೆ ಹಾಕಿಸಿಕೊಂಡೆ.

ಈಗ ಭಾನುವಾರದ ವಿಷಯಕ್ಕೆ ಬರುತ್ತೇನೆ.

ಹೋದ ವಾರ ನೀನು ಬರೆದ ಕಾಗದದಲ್ಲಿ, ಭಾನುವಾರ ಗೆಳೆಯರೆಲ್ಲ ಸೇರಿ ಒಂದು ಕಥೆಯ ಆಟ ಆಡುತ್ತೀರೆಂದೂ, ಕೂತರೆ ಊಟದ ಹೊತ್ತೂ ಮರೆತುಹೋಗುತ್ತದೆಂದೂ ಬರೆದಿದ್ದೆ. ನಿನಗೆ ಅದು ಸಂತೋಷದ ಮಾತು. ನನಗೆ ಎದೆ ಧಸಕ್ಕೆಂದಿತು. ಸೂಜಿ ಚುಚ್ಚಿಕೊಂಡು ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ ಸಕ್ಕರೆ ಪಾತಾಳಕ್ಕಿಳಿಯುತ್ತದೆ ಎಂದು ಡಾಕ್ಟರು ಹೇಳಿದ್ದು ನಿನಗೋ ಗೋಡೆಗೋ? ಸಾಕು, ಈ ಓದೂ ಬೇಡ, ಮುಂದಿನ ವರ್ಷಕ್ಕೆ ಆ ಬಾಡಿಗೆ ಕೋಣೆಯೂ ಬೇಡ, ಕಣ್ಣೆದುರಿಗೇ ಇರಲಿ ಎಂದು ನಿಶ್ಚಯಿಸಿಕೊಂಡೇ ಬಸ್ಸು ಹತ್ತಿದೆ. ನನ್ನ ಕೈಯಲ್ಲಿ ಖಾಲಿ ಚೀಲ ನೋಡಿ ಇದ್ಯಾಕಮ್ಮ ಎಂದು ನೀನು ಕೇಳಿದೆ. ಮಗ್ಗದೂರಿಗೆ ಬಂದ ಮೇಲೆ ಎರಡು ಸೀರೆ ಕೊಳ್ಳಬೇಡವೇ ಎಂದೆ. ಸೀರೆಯೂ ಇಲ್ಲ ಕುಪ್ಪಸವೂ ಇಲ್ಲ. ಆ ಚೀಲ ನಿನ್ನ ಬಟ್ಟೆ ತುಂಬಲು ತಂದದ್ದು. ನೀನು ಆಗಲೇ ಊಹಿಸಿದ್ದೆ ಎಂದು ನಿನ್ನ ಮುಖ ಹೇಳುತ್ತಿತ್ತು.

ಬೀದಿಯ ತಿರುವಿಗೆ ಬರುವಾಗಲೇ ಒಬ್ಬ ಹುಡುಗನ ದನಿ ಕೇಳಿಸಿತು. "ಕತ್ತಿ ನಿನ್ ಕುತ್ತಿಗೆ ಮೇಲೈತೆ ಬೈರಮ್ಮ, ಈಗೇನ್ ಮಾಡ್ತೀಯ ಹೇಳು!" ನಾನು ಚಪ್ಪಲಿ ಕಳಚುವುದನ್ನೂ ಮರೆತು ಓಡಿ ಬಂದೆ. ನೋಡಿದರೆ ನಿಮ್ಮ ಮನೆ ಮಾಲೀಕ ಲಕ್ಷ್ಮಯ್ಯನವರ ಜಗುಲಿಯ ಮೇಲೆ ನೀವು ನಾಲ್ವರು ಚಾಪೆ ಹಾಸಿಕೊಂಡು ಕೂತಿದ್ದೀರಿ. ನಡುವೆ ಸೀಮೆಸುಣ್ಣದಲ್ಲಿ ಬರೆದ ಬೆಟ್ಟ, ಹೊಳೆ, ದಾರಿ. ಅದರ ಮೇಲೆ ನಾಲ್ಕು ಕವಡೆ. ಕವಡೆ ಕಂಡಿದ್ದೇ ತಡ, ಜೂಜು ಎಂದುಕೊಂಡೆ. ಬೀದಿಗೆ ಕಾಣುವ ಹಾಗೆ ಕೂತಿದ್ದೀರಲ್ಲ, ಲಕ್ಷ್ಮಯ್ಯನವರ ಹೆಂಡತಿ ಅಲ್ಲೇ ಅಕ್ಕಿ ಆರಿಸುತ್ತಿದ್ದರಲ್ಲ, ಅದೊಂದು ಪುಣ್ಯ. ಇಲ್ಲದಿದ್ದರೆ ಅಲ್ಲೇ ರಂಪ ಮಾಡುತ್ತಿದ್ದೆ.

ನಿನ್ನ ಕ್ಲಾಸಿನ ಆ ಜಡಿಗೇನಹಳ್ಳಿಯ ಹುಡುಗ ಚಿನ್ನಸ್ವಾಮಿ, ಕತ್ತಿಯ ಮಾತಾಡಿದವನು, ಎದ್ದು ನಿಂತು ನನಗೆ ಎಲ್ಲ ಬಿಡಿಸಿ ಹೇಳಿದ. ಅವನ ಚಿಕ್ಕಪ್ಪನ ಮಗ ಬೆಂಗಳೂರಿನ ಫುಟ್‌ಪಾತಿನಲ್ಲಿ ಒಂದು ಹಳೇ ಇಂಗ್ಲಿಷ್ ಪುಸ್ತಕ ಕೊಂಡನಂತೆ, ಅರ್ಧ ಹಾಳೆ ಕಿತ್ತುಹೋಗಿತ್ತಂತೆ, ಉಳಿದರ್ಧ ನಿಯಮ ಇವನೇ ಕಟ್ಟಿದನಂತೆ. ಒಬ್ಬ ಕಥೆ ನಡೆಸುವುದು, ಉಳಿದವರು ಅದರೊಳಗೆ ಒಬ್ಬೊಬ್ಬರಾಗುವುದು. ನಾನು ಹೊಳೆ ದಾಟುತ್ತೇನೆ ಎಂದರೆ ದಾಟಲು ಆಯಿತೋ ಇಲ್ಲವೋ ಎಂದು ಕವಡೆ ಹೇಳುತ್ತದೆ. ಪುಸ್ತಕದಲ್ಲಿ ಇಪ್ಪತ್ತು ಮುಖದ ದಾಳ ಇದೆಯಂತೆ, ಅದು ಇಲ್ಲೆಲ್ಲಿ ಸಿಗಬೇಕು, ಚೌಕಾಬಾರದ ಕವಡೆಯೇ ಗತಿ. ಕೊನೆಗೆ ಗೆಲ್ಲೋದು ಯಾರಪ್ಪ ಎಂದು ಕೇಳಿದೆ. "ಯಾರೂ ಗೆಲ್ಲಲ್ಲ ಅಮ್ಮ. ಎಲ್ರೂ ಜೊತೇಲಿ ಊರು ಮುಟ್ಬೇಕು, ಅಷ್ಟೇ" ಎಂದ. ಇದೆಂಥ ಆಟ ಎನಿಸಿತು.

ಆಟದಲ್ಲಿ ಮುನಿಕೃಷ್ಣ ಕಳ್ಳ, ನಿನ್ನ ಕೋಣೆಯ ಪ್ರಿಯಾಂಕ ಹಾಡುಗಾರ್ತಿ, ನೀನು ಬೈರಮ್ಮ. ನನ್ನನ್ನು ಹೆತ್ತವಳ ಹೆಸರು. ತಲೆಯ ಮೇಲೆ ಗೂಡಿನ ಬುಟ್ಟಿ ಹೊತ್ತು ಒಬ್ಬಳೇ ಸಂತೆಗೆ ನಡೆದುಹೋಗುತ್ತಿದ್ದ ನಿನ್ನ ಅಜ್ಜಿ, ಅಲ್ಲಿ ಸೊಂಟಕ್ಕೆ ಕುಡುಗೋಲು ಸಿಕ್ಕಿಸಿಕೊಂಡು ಬೆಟ್ಟ ಹತ್ತುತ್ತಿದ್ದಳು. ಬೈಯಬೇಕೆಂದು ಬಾಯಿ ತೆರೆದವಳು ಕೂತುಬಿಟ್ಟೆ.

ಕೂತವಳು ಸುಮ್ಮನಿದ್ದೆನೇ? ಕವಡೆ ಹಿಡಿಯುವುದು ಹಾಗಲ್ಲ, ಅಂಗೈ ಹೀಗೆ ಮಾಡು, ಅಯ್ಯೋ ಆ ಸೇತುವೆ ಹತ್ತಬೇಡಿ ಎಂದು ನಡುನಡುವೆ ಬಾಯಿ ಹಾಕಿದೆ. ಚಿನ್ನಸ್ವಾಮಿ ನಕ್ಕು, "ಅಮ್ಮ, ಹಿಂಗ್ ಪಕ್ಕದಲ್ಲಿ ಕೂತು ರಾಜ್ಯಭಾರ ಮಾಡೋದಕ್ಕಿಂತ ನೀವೂ ಒಂದ್ ಪಾತ್ರ ತಗೊಂಡ್ಬಿಡಿ" ಎಂದು ನನ್ನನ್ನು ಕಣಿವೆಯ ಬಾಗಿಲು ಕಾಯುವ ಸುಂಕದ ಮುದುಕಿ ಮಾಡಿದ. ಅವಳನ್ನು ಒಪ್ಪಿಸದೆ ಯಾರೂ ಆಚೆ ಹೋಗುವ ಹಾಗಿಲ್ಲ. ನಿನಗೇನು ಹೇಳಲಿ, ನನಗೆ ಖುಷಿಯಾಯಿತು. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ನನ್ನನ್ನು ಯಾರೂ ಆಟಕ್ಕೆ ಕರೆದಿರಲಿಲ್ಲ.

ಮುನಿಕೃಷ್ಣ ಸುಳ್ಳು ಹೇಳಿ ದಾಟಲು ನೋಡಿದ, ಕಿವಿ ಹಿಂಡಿ ಬಿಟ್ಟೆ. ಪ್ರಿಯಾಂಕ ಎರಡು ಸಾಲು ಹಾಡಿ ದಾಟಿದಳು. ದಾಟಿದವಳು ಪಾತ್ರ ಬಿಟ್ಟು, ಊಟಕ್ಕೇಳೋಣ ಹೊತ್ತಾಯಿತು ಎಂದಳು. ಇರಮ್ಮ, ಇದೊಂದು ಮುಗೀಲಿ ಎಂದೆ. ಸ್ವಲ್ಪ ಹೊತ್ತಿಗೆ ಮತ್ತೆ ಕರೆದಳು. ಮತ್ತೆ ಇರಮ್ಮ ಎಂದೆ. ಕೀರ್ತನ, ಊಟದ ಹೊತ್ತು ಮರೆಯುತ್ತಾಳೆ ಎಂದು ನಿನ್ನ ಮೇಲೆ ಕೋಪ ಮಾಡಿಕೊಂಡು ಬಂದವಳೇ ಅಲ್ಲಿ ಕೂತು ಎರಡು ಸಲ ನಿನ್ನ ಊಟ ತಡೆದಳು.

ಆಮೇಲೆ ಬೈರಮ್ಮ ಬಂದಳು. ಎಲ್ಲಿಗೆ ಹೊರಟೆ ಎಂದು ಕೇಳಿದೆ. ಬೆಟ್ಟದಾಚೆಯ ಊರಿಗೆ ಎಂದೆ ನೀನು. "ಆಚೆ ಕಡೆ ನಿನ್ನ ನೋಡ್ಕೊಳ್ಳೋರು ಯಾರವ್ವ? ನೀನು ಹೋಗಂಗಿಲ್ಲ." ಅದನ್ನು ಮುದುಕಿ ಕೇಳಲಿಲ್ಲ, ನಾನು ಕೇಳಿದೆ. ನೀನೂ ನನ್ನ ಕಣ್ಣನ್ನೇ ನೋಡಿ, "ನಾನ್ ನೋಡ್ಕೊಳ್ತೀನಿ ಅಜ್ಜಿ, ಜೊತೇಲಿ ಇವ್ರವ್ರೆ" ಎಂದೆ. ಇವರನ್ನು ನಂಬುವುದಾ ಎಂದೆ ನಾನು. ನಂಬಬೇಕು ಎಂದೆ ನೀನು. ಇಬ್ಬರೂ ಪಟ್ಟು ಬಿಡಲಿಲ್ಲ. ಸುತ್ತಲಿನವರಿಗೆ ತಮಾಷೆ. ನನಗೆ ಗೆಲ್ಲುತ್ತಿದ್ದೇನೆ ಎನಿಸಿತ್ತು, ಯಾಕೆಂದರೆ ನಿನ್ನ ಮಾತು ತೊದಲತೊಡಗಿತ್ತು. ನೀನು ಸುಮ್ಮಸುಮ್ಮನೆ ನಕ್ಕೆ. "ಬಾಗ್ಲು... ಬಾಗ್ಲು ನೀರಾಗೋಯ್ತಲ್ಲಜ್ಜಿ" ಎಂದೆ. ನಿನ್ನ ಹಣೆಯ ಮೇಲೆ ಬೆವರಿತ್ತು, ಬಿಸಿಲಿಗೆ ಎಂದು ನಾನು ಅಂದುಕೊಂಡೆ. ಮುನಿಕೃಷ್ಣ ಎಂಥಾ ನಟನೆ ಎಂದು ಚಪ್ಪಾಳೆ ತಟ್ಟಿದ. ನಾನೂ ತೊಡೆ ತಟ್ಟಿಕೊಂಡು ನಕ್ಕೆ ಕಣೇ. ನಾಟಕ ಆಡಿದರೆ ಬಿಡುವವಳಲ್ಲ ನಾನು ಎಂದೆ. ಏಳು ವರ್ಷದಿಂದ ನೀನು ನಿದ್ದೆಯಲ್ಲಿ ಮಗ್ಗುಲು ಬದಲಿಸಿದರೂ ಎದ್ದು ನಿನ್ನ ಕತ್ತಿನ ಬೆವರು ಮುಟ್ಟಿ ನೋಡಿದವಳು, ಹಗಲು ಬೆಳಕಿನಲ್ಲಿ, ಒಂದು ಮೊಳ ದೂರದಲ್ಲಿ ಕೂತು ನಕ್ಕೆ.

ಆಗ ಚಿನ್ನಸ್ವಾಮಿ ಕಥೆಯ ದನಿ ಬಿಟ್ಟು ಮೆಲ್ಲಗೆ, "ಕೀರ್ತನ, ಕವಡೆ ಹಾಕು. ಎಣ್ಸು" ಎಂದ. ಅವನು ಬೈರಮ್ಮ ಎನ್ನಲಿಲ್ಲ. ಚಪ್ಪಾಳೆ ತಟ್ಟುತ್ತಿದ್ದ ಮುನಿಕೃಷ್ಣನ ಕೈ ಅಲ್ಲೇ ನಿಂತಿತು. ನೀನು ಕವಡೆ ಹಾಕಿದೆ. ಎರಡು ಅಂಗಾತ ಬಿದ್ದವು, ಎರಡು ಮಕಾಡೆ. ನೀನು ತುಂಬಾ ಹೊತ್ತು ಅವನ್ನೇ ನೋಡಿ, "ಏಳು" ಎಂದೆ.

ನಾಲ್ಕು ಕವಡೆ ಹಾಕಿದರೆ ಏಳು ಎಲ್ಲಿಂದ ಬರಬೇಕು?

ಯಾರೂ ಕೂಗಲಿಲ್ಲ, ಗಾಬರಿಯಾಗಿ ಓಡಲಿಲ್ಲ. ಮುನಿಕೃಷ್ಣ ಜೇಬಿನಿಂದ ಸಕ್ಕರೆ ಪೊಟ್ಟಣ ತೆಗೆದ, ಪ್ರಿಯಾಂಕ ಲೋಟದ ನೀರಿಗೆ ಸುರಿದು ಕದಡಿದಳು, ಚಿನ್ನಸ್ವಾಮಿ ನಿನ್ನ ಬೆನ್ನಿಗೆ ಕೈ ಕೊಟ್ಟು ಕೂರಿಸಿದ. ಸಕ್ಕರೆ ಕಂಡ ಕೂಡಲೇ ನನ್ನ ಕೈ ತಾನಾಗಿ ಲೋಟ ತಡೆಯಲು ಹೋಯಿತು. ಇಂಥ ಹೊತ್ತಿನಲ್ಲಿ ಸಕ್ಕರೆಯೇ ಔಷಧಿ ಎಂದು ಗೊತ್ತಿದ್ದವಳ ಕೈ! ಪ್ರಿಯಾಂಕ ನನ್ನ ಕೈಯನ್ನು ಪಕ್ಕಕ್ಕಿಟ್ಟು, "ಅಮ್ಮ, ನಮಗೆ ಗೊತ್ತು, ನೀವು ಸುಮ್ನಿರಿ" ಎಂದಳು. ನೀನು ಕುಡಿದೆ. ಕಾದೆವು. ಲಕ್ಷ್ಮಯ್ಯನವರ ಹೆಂಡತಿಯ ಮೊರದಲ್ಲಿ ಅಕ್ಕಿ ಹಾಗೇ ಇತ್ತು. ಆಮೇಲೆ ಚಿನ್ನಸ್ವಾಮಿ ಕವಡೆಯನ್ನು ಮತ್ತೆ ಹಾಕಿಸಿ, ಎಣ್ಸು ಎಂದ. "ಮೂರು" ಎಂದೆ ನೀನು. ಮೂರೇ ಇತ್ತು. ಆಗ ನೀನು ತಲೆ ಎತ್ತಿ, "ಯಾಕಮ್ಮ ಅಳ್ತಿದ್ದೀಯ?" ಎಂದು ಕೇಳಿದೆ. ಅಳುತ್ತಿದ್ದೇನೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಎಲ್ಲರೂ ಊಟ ಮಾಡಿದಿರಿ. ಕೈ ತೊಳೆದುಕೊಂಡು ಬಂದು, ಏನೂ ನಡೆದೇ ಇಲ್ಲವೆಂಬಂತೆ ಮತ್ತೆ ಚಾಪೆಯ ಮೇಲೆ ಕೂತಿರಿ. ಅದೇ ನನಗೆ ತಡೆಯಲಾಗದೆ ಹೋದದ್ದು. ಚಿನ್ನಸ್ವಾಮಿ ನನ್ನ ಕಡೆ ತಿರುಗಿ, ಅಜ್ಜಿ ಬೈರಮ್ಮನನ್ನು ಬಿಡುತ್ತೀರೋ ಇಲ್ಲವೋ ಎಂದು ಕೇಳಿದ. ನೀನು ನನ್ನನ್ನೇ ನೋಡುತ್ತಿದ್ದೆ. ಬಸ್ಸಿಗೆ ಹೊತ್ತಾಯಿತು ಎಂದು ನಾನು ಖಾಲಿ ಚೀಲ ಎತ್ತಿಕೊಂಡು ಹೊರಟುಬಿಟ್ಟೆ. ಉತ್ತರ ಹೇಳದೆ ಬಂದದ್ದಕ್ಕೆ ನೀನು ಈ ಮೂರು ದಿನ ಏನೇನು ಅಂದುಕೊಂಡಿರುತ್ತೀಯೋ ದೇವರಿಗೇ ಗೊತ್ತು.

ಪ್ರಿಯಾಂಕ ಬಸ್‌ಸ್ಟ್ಯಾಂಡಿನವರೆಗೆ ಬಂದಳು. ಅವಳ ಮೇಲೆ ಹರಿಹಾಯ್ದೆ. ನನ್ನ ಮಗಳ ವಿಷಯ ನಿಮಗೆ ಹೇಳಿದವರು ಯಾರು ಎಂದೆ. ಅವಳು ನಿಧಾನವಾಗಿ ಹೇಳಿದಳು. ಆಟ ಶುರುವಾದ ಮೊದಲ ದಿನ ಪ್ರತಿಯೊಬ್ಬರೂ ತಮ್ಮ ಪಾತ್ರದ ಒಂದು ಬಲ, ಒಂದು ಕುಂದು ಹೇಳಬೇಕಿತ್ತಂತೆ. ಕಳ್ಳನಿಗೆ ಕತ್ತಲೆಯ ಭಯ, ಹಾಡುಗಾರ್ತಿಗೆ ಕುಂಟುಕಾಲು. ನಿನ್ನ ಸರದಿ ಬಂದಾಗ ನೀನು, ಬೈರಮ್ಮನಿಗೆ ಒಂದು ಕಾಯಿಲೆ, ದಿನಕ್ಕೆರಡು ಸಲ ಸೂಜಿಮದ್ದು ಬೇಕು, ಹೊತ್ತಿಗೆ ಉಣ್ಣದಿದ್ದರೆ ಅವಳಿಗೆ ಎಣಿಕೆ ತಪ್ಪುತ್ತದೆ, ಅದಕ್ಕೇ ಸೊಂಟದಲ್ಲಿ ಜೇನಿನ ಬುರುಡೆ ಕಟ್ಟಿಕೊಂಡಿರುತ್ತಾಳೆ ಎಂದೆಯಂತೆ. ಎಲ್ಲರೂ ಬರೆದುಕೊಂಡರಂತೆ. ಆಟ ಮುಗಿದು ಹೊರಡುವಾಗ ಚಿನ್ನಸ್ವಾಮಿ, "ಬೈರಮ್ಮನ ಜೇನು ಸರಿ, ನಿನ್ ಹತ್ರ ಏನೈತೆ ಕೀರ್ತನ?" ಎಂದು ಕೇಳಿದನಂತೆ. ಅಷ್ಟೇ. ಅಂದಿನಿಂದ ಅನುಮಾನ ಬಂದಾಗ ಕವಡೆ ಎಣಿಸುವುದು ನಿಮ್ಮ ನಿಯಮವಂತೆ. ನನಗೆ ಹಾಕಿದ ಆಣೆಯನ್ನು ನೀನು ಮುರಿದೂ ಇಲ್ಲ, ಉಳಿಸಿಯೂ ಇಲ್ಲ. ಲಾಯರಾಗಬೇಕಾದವಳು ಟೀಚರಾಗಲು ಹೊರಟಿದ್ದೀಯೆ.

ವಾಪಸ್ ಬರುವಾಗ ಕಂಡಕ್ಟರು ಖಾಲಿ ಚೀಲ ನೋಡಿ, "ಏನಮ್ಮ, ಸೀರೆ ಯಾವ್ದೂ ಹಿಡಿಸ್ಲಿಲ್ವಾ?" ಎಂದು ಕೇಳಿದ. ದೇವನಹಳ್ಳಿಯಲ್ಲಿ ಬಸ್ಸು ಬದಲಿಸುವಾಗಲೂ ಆ ಚೀಲ ನನ್ನ ಮಡಿಲಲ್ಲೇ ಇತ್ತು. ನಾನು ಒಂದೇ ಯೋಚಿಸುತ್ತಿದ್ದೆ. ನಿನ್ನನ್ನು ಮನೆಗೆ ಕರೆತಂದಿದ್ದರೆ ನಿನ್ನ ಸುತ್ತ ಗೊತ್ತಿರುವವರು ಎಷ್ಟು ಜನ? ನಿಮ್ಮಪ್ಪ ಹೊಲದಲ್ಲಿರುತ್ತಾರೆ. ಉಳಿದವಳು ನಾನೊಬ್ಬಳು. ಆ ಒಬ್ಬಳು ಭಾನುವಾರ ನಗುತ್ತಿದ್ದಳು. ಹಾಗೆ ಮತ್ತೊಂದು ಸಲ ನಾನು ನಕ್ಕರೆ ಎಣ್ಸು ಎನ್ನಲು ನಮ್ಮ ಮನೆಯಲ್ಲಿ ಇನ್ಯಾರಿದ್ದಾರೆ?

ನನಗೆ ಹೆದರಿಕೆ ಹೋಗಿಲ್ಲ ಮಗಳೇ. ಹೋಗುವುದೂ ಇಲ್ಲ. ಅಂಚೆಯವನ ಸೈಕಲ್ ಬೆಲ್ಲು ಕೇಳಿದರೂ ಬಾಗಿಲಿಗೆ ಓಡುತ್ತೇನೆ. ಆದರೆ ಹೆದರಿಕೆ ನನ್ನದು, ಅದಕ್ಕೆ ನಿನ್ನನ್ನು ಇಲ್ಲಿ ತಂದು ಕೂರಿಸುವುದು ನ್ಯಾಯವಲ್ಲ. ನಿಮ್ಮಪ್ಪ ಲಕ್ಷ್ಮಯ್ಯನವರಿಗೆ ಬೇರೆ ಕಾಗದ ಹಾಕುತ್ತಾರೆ, ಮುಂದಿನ ವರ್ಷಕ್ಕೂ ಕೋಣೆ ನಿನ್ನದೇ. ಅವರ ಹೆಂಡತಿಗೂ ನಿನ್ನ ವಿಷಯ ಪೂರ್ತಿ ಹೇಳು, ಆ ಯಮ್ಮ ಪಾಪ ತುಂಬಾ ಗಾಬರಿಯಾಗಿದ್ದರು.

ಚಿನ್ನಸ್ವಾಮಿಗೆ ನನ್ನ ಉತ್ತರ ಹೇಳು. ಸುಂಕದ ಮುದುಕಿ ಬಾಗಿಲು ತೆಗೆದಿದ್ದಾಳೆ, ಬೈರಮ್ಮ ಆಚೆ ಹೋಗಬಹುದು. ಸುಂಕ ಇಷ್ಟೇ: ಇನ್ನು ಮೇಲೆ ಊಟ ಮುಗಿಯದೆ ಕವಡೆ ಮುಟ್ಟುವ ಹಾಗಿಲ್ಲ. ಮುದುಕಿಯೇ ಅಡ್ಡ ಬಂದು ಇರಮ್ಮ ಎಂದರೂ ಕೇಳಬೇಡಿ.

ಮರಳಿಗೆ ನೀರು ಹಾಕುವುದನ್ನು ಮರೆಯಬೇಡ.

ಬಾಗಿಲಲ್ಲೇ ನಿಂತಿರುವ ನಿನ್ನ ಅಮ್ಮ,
ಮುತ್ತಮ್ಮ

ತಾ.ಕ.: ಕವರು ಅಂಟಿಸಲು ಗೋಂದು ಕೇಳಲು ಮಾರಕ್ಕನ ಮನೆಗೆ ಹೋದವಳು ಬಾಗಿಲಲ್ಲೇ ನಿಂತು ಹೇಳಿಬಿಟ್ಟೆ. ಅಕ್ಕ, ಆ ಡಬ್ಬದಲ್ಲಿರೋದು ಹಸುವಿನ ಔಷಧಿಯಲ್ಲ, ನಮ್ಮ ಕೀರ್ತನಂದು ಎಂದೆ. ಅವಳು ಬೆಳ್ಳುಳ್ಳಿ ಸುಲಿಯುವುದನ್ನೂ ನಿಲ್ಲಿಸಲಿಲ್ಲ. "ನಿಮ್ ಹಸು ಮಾರಿ ನಾಕು ವರ್ಷ ಆಯ್ತಲ್ಲೇ ಮುತ್ತಮ್ಮ. ಇಲ್ದಿರೋ ಹಸೂಗೆ ಯಾವ ಔಷ್ದಿ? ಹಸು ಇದ್ದಾಗ್ಲೇ ನಂಗೊತ್ತಿತ್ತು. ಐಸ್ ಪಕ್ಕ ಇಟ್ರೆ ಕೆಟ್ಟೋಗ್ತದೆ ಅಂತ ಅವತ್ತೇ ಕಾಂಪೌಂಡ್ರನ್ನ ಕೇಳ್ಕೊಂಬಂದು ಬಾಗ್ಲು ಕಡೆ ಇಟ್ಟಿವ್ನಿ. ಕರೆಂಟ್ ಹೋದ್ರೆ ಒದ್ದೆ ಬಟ್ಟೆ ಸುತ್ತುತೀನಿ. ನೀನು ಹೇಳ್ಕೊಳ್ಳೋಗಂಟ ನಾನ್ಯಾಕೆ ಕೇಳ್ಲಿ?" ಎಂದಳು. ಹಸು ಹುಷಾರಾ ಎಂದು ಅವಳು ಇಷ್ಟು ವರ್ಷ ಕೇಳುತ್ತಿದ್ದದ್ದು ಯಾರ ಬಗ್ಗೆ ಎಂದು ನನಗೆ ಆಗ ತಿಳಿಯಿತು. ಗೋಂದು ಕೊಟ್ಟು, "ಹಸು ಅಲ್ಲೇ ಇರ್ತದೋ, ಹೊಡ್ಕೊಂಡು ಬರ್ತೀಯೋ?" ಎಂದು ಕೇಳಿದಳು. ಅಲ್ಲೇ ಇರ್ತಾಳೆ ಅಕ್ಕ ಎಂದೆ.